ಪ್ರಾಜೆಕ್ಟ್ ಪ್ರಸ್ತಾವನೆ ಬರೆಯುವುದು ಹೇಗೆ: ಖಾಲಿ ಕೋಷ್ಟಕ ಮೊದಲು, ಪೀಠಿಕೆ ಕೊನೆಗೆ

ಸಿನಾಪ್ಸಿಸ್, ಅಂದರೆ ಪ್ರಾಜೆಕ್ಟಿನ ಪ್ರಸ್ತಾವನೆ, ಕೊಡಿ ಎಂದು ಗೈಡ್ ಹೇಳಿದ ಸಂಜೆ ಹೆಚ್ಚಿನ ತಂಡಗಳು ಮಾಡುವುದು ಒಂದೇ ಕೆಲಸ. ಸೀನಿಯರ್‌ಗಳ ಹಳೆಯ ಫೈಲ್ ತರಿಸಿಕೊಂಡು, ಹೆಸರು ಮತ್ತು ರಿಜಿಸ್ಟರ್ ನಂಬರ್ ಬದಲಿಸಿ, ‘ನೀರು ಸಕಲ ಜೀವರಾಶಿಗೆ ಆಧಾರ’ ಎಂಬಲ್ಲಿಂದ ಪೀಠಿಕೆ ಶುರು ಹಚ್ಚಿಕೊಳ್ಳುವುದು. ಎರಡು ಪುಟ ತುಂಬುವಷ್ಟರಲ್ಲಿ ನೀರಿನ ಮಹತ್ವವೆಲ್ಲ ಬಂದಿರುತ್ತದೆ, ತಾವೇನು ಮಾಡಲಿದ್ದೇವೆ ಎಂಬುದೊಂದನ್ನು ಬಿಟ್ಟು.

ಓದುವವರಿಗೆ ಬೇಕಿರುವುದು ಆ ಬಿಟ್ಟುಹೋದ ಭಾಗವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅಂದರೆ ಕೆಎಸ್‌ಸಿಎಸ್‌ಟಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಸಣ್ಣ ಮೊತ್ತದ ನೆರವು ಕೊಡುತ್ತದೆ. ಎಂಬಿಬಿಎಸ್ ಓದುವವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಎರಡು ತಿಂಗಳ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ 1979ರಿಂದ ಇದೆ. ಶಾಲಾ ಮಕ್ಕಳಿಗೆ 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇದೆ. ಇವುಗಳ ಫಾರಂ ಬೇರೆ ಬೇರೆ, ಪುಟಮಿತಿ ಬೇರೆ ಬೇರೆ. ಆದರೆ ಮೇಜಿನ ಆಚೆ ಕೂತವರ ಮನಸ್ಸಿನಲ್ಲಿರುವ ಪ್ರಶ್ನೆ ಮಾತ್ರ ಒಂದೇ: ಈ ಹುಡುಗರು ಇಷ್ಟು ದಿನದಲ್ಲಿ, ಇಷ್ಟು ದುಡ್ಡಿನಲ್ಲಿ ಇದನ್ನು ಮಾಡಿ ಮುಗಿಸುತ್ತಾರಾ? ವಿಷಯ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ನಿಮ್ಮ ಕೈಗೆಟಕುತ್ತದೆಯೇ ಎಂಬುದನ್ನು ಅವರು ನೋಡುತ್ತಾರೆ. ಹಾಗಾಗಿ ಪ್ರಸ್ತಾವನೆ ಅಚ್ಚಾಗುವ ಕ್ರಮದಲ್ಲಿ ಅದನ್ನು ಬರೆಯಬೇಡಿ. ಬೇರೆ ಕ್ರಮವೊಂದಿದೆ, ಅದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ.

ವಿಷಯವನ್ನು ಪ್ರಶ್ನೆ ಮಾಡಿಕೊಳ್ಳಿ

ತುಮಕೂರಿನ ಕಾಲೇಜೊಂದರ ನಾಲ್ವರ ತಂಡ ‘ಪಾವಗಡದ ಫ್ಲೋರೈಡ್’ ಎಂಬ ವಿಷಯ ತೆಗೆದುಕೊಂಡಿದೆ ಎನ್ನೋಣ. ಹಲ್ಲು ಕೆಡಿಸುವ ಫ್ಲೋರೈಡ್ ಅಲ್ಲಿನ ನೀರಿನಲ್ಲಿ ಹೆಚ್ಚು ಎಂಬುದು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಗ್ರಾನೈಟ್, ನೈಸ್ ಶಿಲೆಗಳ ನೆಲ. ಬಂಡೆಯೊಳಗಿನ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ನಿಧಾನಕ್ಕೆ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು.

ಈಗ ‘ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆಯೇ?’ ಎಂದು ಕೇಳಿದರೆ ಉತ್ತರ ಮೊದಲೇ ಗೊತ್ತು: ಇದೆ. ಉತ್ತರ ಗೊತ್ತಿರುವ ಪ್ರಶ್ನೆಗೆ ಪ್ರಾಜೆಕ್ಟ್ ಬೇಕಿಲ್ಲ. ಇನ್ನೊಂದು ತುದಿಯಲ್ಲಿ ‘ಫ್ಲೋರೈಡ್ ಸಮಸ್ಯೆಗೆ ಶಾಶ್ವತ ಪರಿಹಾರ’ ಎಂಬ ವಿಷಯವಿದೆ. ಸರ್ಕಾರಗಳು ದಶಕಗಳಿಂದ ಏಗುತ್ತಿರುವುದನ್ನು ನಾಲ್ಕು ತಿಂಗಳಲ್ಲಿ ಬಗೆಹರಿಸುತ್ತೇವೆ ಎಂದರೆ ಓದುವವರು ನಗುತ್ತಾರೆ.

ಇವೆರಡರ ನಡುವೆ ಸಣ್ಣದೊಂದು ಜಾಗ ಹುಡುಕಬೇಕು, ಮತ್ತು ಅದು ಸಾಮಾನ್ಯವಾಗಿ ಲೈಬ್ರರಿಯಲ್ಲಿ ಸಿಗುವುದಿಲ್ಲ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ಹತ್ತಿರ ಹೋಗಿ ನಿಲ್ಲಿ. ಮುಂದುಗಡೆ ಜನ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಿರುತ್ತಾರೆ. ಹಿಂದುಗಡೆ ಒಂದು ಪೈಪಿನಿಂದ ರಿಜೆಕ್ಟ್ ನೀರು, ಅಂದರೆ ಶುದ್ಧ ಮಾಡುವಾಗ ಯಂತ್ರ ಹೊರಹಾಕುವ ನೀರು, ಹರಿಯುತ್ತಿರುತ್ತದೆ. ನೀರನ್ನು ಪೊರೆಯ ಮೂಲಕ ಒತ್ತಿ ಸೋಸುವ ಈ ಆರ್‌ಒ ಯಂತ್ರ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಆ ಕಡೆಗೆ ತಳ್ಳುತ್ತದೆ ಅಷ್ಟೆ. ಲೆಕ್ಕ ಹಾಕಿ ನೋಡಿ: ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 100 ಲೀಟರ್ ನೀರು ಒಳಗೆ ಹೋಯಿತು, 50 ಲೀಟರ್ ಶುದ್ಧವಾಗಿ ಬಂತು, ಅದರಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿದೆ ಎಂದಿಟ್ಟುಕೊಂಡರೆ ಮಿಕ್ಕ 50 ಲೀಟರಿನಲ್ಲಿ ಲೀಟರಿಗೆ 3.8 ಮಿಲಿಗ್ರಾಂ ಸೇರಿಕೊಂಡಿರುತ್ತದೆ. ಆ ನೀರು ಚರಂಡಿಗೋ, ಕೆರೆಗೋ, ದನ ಕುಡಿಯುವ ತೊಟ್ಟಿಗೋ?

ಪ್ರಶ್ನೆ ಸಿಕ್ಕಿತು. ‘ಪಾವಗಡ ತಾಲ್ಲೂಕಿನ ಆರು ಘಟಕಗಳಲ್ಲಿ ಕಚ್ಚಾ ನೀರು, ಶುದ್ಧ ನೀರು, ರಿಜೆಕ್ಟ್ ನೀರಿನ ಫ್ಲೋರೈಡ್ ಎಷ್ಟೆಷ್ಟು, ರಿಜೆಕ್ಟ್ ನೀರು ಎಲ್ಲಿ ಸೇರುತ್ತದೆ?’

ಪ್ರಶ್ನೆ ಗಟ್ಟಿಯಾಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯಿದೆ. ಉತ್ತರ ನೀವು ಅಂದುಕೊಂಡಂತೆ ಬರದಿದ್ದರೂ ವರದಿ ಬರೆಯಲಾದೀತೇ? ರಿಜೆಕ್ಟ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಅದೊಂದು ಸುದ್ದಿ. ಹೆಚ್ಚಿಲ್ಲದಿದ್ದರೆ ಆ ಯಂತ್ರ ಫ್ಲೋರೈಡ್ ತೆಗೆಯುತ್ತಿದೆಯೇ ಎಂಬ ಅನುಮಾನ ಏಳುತ್ತದೆ, ಅದು ಇನ್ನೂ ದೊಡ್ಡ ಸುದ್ದಿ. ಯಾವ ಕಡೆ ಬಿದ್ದರೂ ವರದಿಗೆ ಸಾಮಗ್ರಿ ಇದೆ.

ಉತ್ತರದ ಕೋಷ್ಟಕವನ್ನು ಖಾಲಿ ಬರೆದಿಡಿ

ಪೀಠಿಕೆಗೆ ಕೈ ಹಾಕುವ ಮೊದಲು ಒಂದು ಬಿಳಿ ಹಾಳೆಯ ಮೇಲೆ ನಿಮ್ಮ ಅಂತಿಮ ವರದಿಯ ಮುಖ್ಯ ಕೋಷ್ಟಕವನ್ನು ಎಳೆಯಿರಿ. ಅಂಕಿಗಳ ಜಾಗ ಖಾಲಿ ಇರಲಿ. ಅಡ್ಡಸಾಲುಗಳಲ್ಲಿ ಆರು ಘಟಕಗಳು. ಕಂಬಸಾಲುಗಳಲ್ಲಿ ಮೂರು ಬಗೆಯ ನೀರಿನ ಫ್ಲೋರೈಡ್, ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ), ರಿಜೆಕ್ಟ್ ನೀರಿನ ಹರಿವು, ಅದು ಸೇರುವ ಜಾಗ.

ಪ್ರಸ್ತಾವನೆಯ ಮುಕ್ಕಾಲು ಕೆಲಸ ಈ ಹಾಳೆಯಲ್ಲೇ ಮುಗಿಯುತ್ತದೆ. ಆರು ಘಟಕಕ್ಕೆ ಮೂರರಂತೆ ಒಂದು ಸುತ್ತಿಗೆ 18 ಮಾದರಿ, ಎರಡು ಸುತ್ತಿಗೆ 36. ಅಳತೆ ನಂಬಲರ್ಹವೇ ಎಂದು ತಿಳಿಯಲು ಹತ್ತಕ್ಕೊಂದರಂತೆ 4 ಜೋಡಿ ಮಾದರಿ, ಅಂದರೆ ಅದೇ ನೀರಿನ ಎರಡನೇ ಬಾಟಲಿ; ಜೊತೆಗೆ ಸುತ್ತಿಗೊಂದು ಖಾಲಿ ಮಾದರಿ, ಅಂದರೆ ಡಿಸ್ಟಿಲ್ಡ್ ನೀರು ತುಂಬಿ ಹಳ್ಳಿಗೆ ಹೊತ್ತೊಯ್ದು ವಾಪಸ್ ತರುವ ಬಾಟಲಿ. ಒಟ್ಟು 42. ಬಾಟಲಿ ಎಷ್ಟು, ರಾಸಾಯನಿಕ ಎಷ್ಟು, ಲ್ಯಾಬಿನಲ್ಲಿ ಎಷ್ಟು ದಿನ, ಎಲ್ಲವೂ ಈ 42ರಿಂದ ಹೊರಡುತ್ತವೆ.

ಮಾಡಲಾಗದ್ದು ಯಾವುದು ಎಂಬುದನ್ನೂ ಖಾಲಿ ಕೋಷ್ಟಕವೇ ತೋರಿಸುತ್ತದೆ. ‘ರಿಜೆಕ್ಟ್ ನೀರಿನ ಹರಿವು’ ಎಂದು ಬರೆದ ಕೂಡಲೇ ಅದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಫ್ಲೋ ಮೀಟರ್ ಬೇಕಿಲ್ಲ. 20 ಲೀಟರ್ ಕ್ಯಾನ್ ಪೈಪಿನ ಬಾಯಿಗೆ ಹಿಡಿದು ಮೊಬೈಲಿನ ಸ್ಟಾಪ್‌ವಾಚ್ ಒತ್ತಿದರೆ ಆಯಿತು, ಮೂರು ಸಲ ಅಳೆದು ಸರಾಸರಿ ಬರೆಯಿರಿ. ಅದೇ ‘ಊರಿನ ಮಕ್ಕಳ ಹಲ್ಲಿನ ಮೇಲಿನ ಪರಿಣಾಮ’ ಎಂಬ ಕಂಬಸಾಲು ಸೇರಿಸಿದ್ದೀರಾ? ಅದನ್ನು ಗುರುತಿಸಲು ದಂತವೈದ್ಯರು ಬೇಕು. ತಂಡದಲ್ಲಿ ಇಲ್ಲ ಎಂದಾದರೆ ಹೊಡೆದುಹಾಕಿ.

ಭಾಷಾ, ಸಮಾಜವಿಜ್ಞಾನ ವಿಭಾಗದವರಿಗೂ ಇದು ಒಪ್ಪುತ್ತದೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರ ಹಾಡುಗಾರಿಕೆ ಹೊಸ ತಲೆಮಾರಿಗೆ ಹೇಗೆ ಸಾಗುತ್ತಿದೆ ಎಂದು ತಿಳಿಯಹೊರಟವರು ಯಾರನ್ನು ಮಾತಾಡಿಸುತ್ತೀರಿ, ಯಾವ ವಯಸ್ಸಿನವರು, ಪ್ರತಿಯೊಬ್ಬರಿಂದ ಏನೇನು ದಾಖಲಿಸುತ್ತೀರಿ ಎಂದು ಕೋಷ್ಟಕ ಹಾಕಿಕೊಳ್ಳಿ. ಕಲಿತದ್ದು ಯಾರಿಂದ, ಎಷ್ಟನೇ ವಯಸ್ಸಿಗೆ, ಈಗ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಜೊತೆಗೆ ಹಾಡುವವರು ಯಾರು. ‘ಸಂದರ್ಶನ ವಿಧಾನವನ್ನು ಅನುಸರಿಸಲಾಗುವುದು’ ಎಂಬ ಒಂದು ಸಾಲಿನಿಂದ ಏನೂ ತಿಳಿಯುವುದಿಲ್ಲ.

ಉದ್ದೇಶಗಳು ಮೂರು ಸಾಕು

‘ಅಧ್ಯಯನ ಮಾಡುವುದು’, ‘ಅರಿವು ಮೂಡಿಸುವುದು’, ‘ಬೆಳಕು ಚೆಲ್ಲುವುದು’ ಇವು ಉದ್ದೇಶಗಳಲ್ಲ. ಮುಗಿಯಿತೋ ಇಲ್ಲವೋ ಎಂದು ಹೊರಗಿನವರೂ ಹೇಳಬಲ್ಲ ಕ್ರಿಯಾಪದ ಬೇಕು: ಅಳೆಯುವುದು, ಹೋಲಿಸುವುದು, ಗುರುತಿಸುವುದು, ಪಟ್ಟಿ ಮಾಡುವುದು. ನಮ್ಮ ಉದಾಹರಣೆಗೆ ಇಷ್ಟು ಸಾಕು. ಆರು ಘಟಕಗಳ ಮೂರು ಬಗೆಯ ನೀರಿನಲ್ಲಿ ಫ್ಲೋರೈಡ್ ಮತ್ತು ಟಿಡಿಎಸ್ ಅಳೆಯುವುದು. ಒಳಹೋದ ಫ್ಲೋರೈಡ್ ಹೊರಬಂದದ್ದಕ್ಕೆ ತಾಳೆಯಾಗುತ್ತದೆಯೇ ಎಂದು ಹೋಲಿಸುವುದು. ರಿಜೆಕ್ಟ್ ನೀರು ಸೇರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸುವುದು. ನಾಲ್ಕನೆಯದನ್ನು ಸೇರಿಸುವ ಆಸೆ ಬಂದೇ ಬರುತ್ತದೆ, ಸಾಮಾನ್ಯವಾಗಿ ‘ಕಡಿಮೆ ಖರ್ಚಿನ ಹೊಸ ಫಿಲ್ಟರ್ ತಯಾರಿಸುವುದು’ ಎಂಬ ರೂಪದಲ್ಲಿ. ಅದು ಇನ್ನೊಂದು ವರ್ಷದ, ಇನ್ನೊಂದು ತಂಡದ ಪ್ರಾಜೆಕ್ಟ್.

ವಿಧಾನ: ಇಲ್ಲಿ ಜಿಪುಣತನ ಬೇಡ

ಪ್ರಸ್ತಾವನೆ ಗೆಲ್ಲುವುದೂ ಬೀಳುವುದೂ ಈ ಭಾಗದಲ್ಲೇ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವುದು ಹೀಗೆ: ‘ವಿವಿಧ ಸ್ಥಳಗಳಿಂದ ನೀರಿನ ಮಾದರಿ ಸಂಗ್ರಹಿಸಿ ಪ್ರಮಾಣಿತ ವಿಧಾನಗಳಿಂದ ವಿಶ್ಲೇಷಿಸಲಾಗುವುದು.’ ಯಾವ ಸ್ಥಳ, ಎಷ್ಟು, ಯಾವ ವಿಧಾನ? ಒಂದಕ್ಕೂ ಉತ್ತರವಿಲ್ಲ. ಅದನ್ನೇ ಹೀಗೆ ಬರೆದು ನೋಡಿ:

‘ತಾಲ್ಲೂಕಿನ ಎಂಟು ಘಟಕಗಳನ್ನು ಮೊದಲೇ ಪಟ್ಟಿ ಮಾಡಿ, ಚಾಲನೆಯಲ್ಲಿರುವ ಆರನ್ನು ಆರಿಸಲಾಗುವುದು. ಯಂತ್ರ ಕನಿಷ್ಠ 15 ನಿಮಿಷ ಓಡಿದ ಮೇಲೆ ಪ್ರತಿ ಘಟಕದಿಂದ ಮೂರು ಮಾದರಿಗಳನ್ನು ಪಾಲಿಥೀನ್ ಬಾಟಲಿಯಲ್ಲಿ ಪಡೆಯಲಾಗುವುದು. ಟಿಡಿಎಸ್ ಅನ್ನು ಸ್ಥಳದಲ್ಲೇ, ಫ್ಲೋರೈಡನ್ನು ಎರಡು ವಾರದೊಳಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಸ್ಪಾಡ್ನ್ಸ್ ವಿಧಾನದಿಂದ 570 ನ್ಯಾನೋಮೀಟರಿನಲ್ಲಿ ಅಳೆಯಲಾಗುವುದು.’

ಇಲ್ಲಿನ ಪ್ರತಿ ವಿವರಕ್ಕೂ ಕಾರಣವಿದೆ. ಸ್ಪಾಡ್ನ್ಸ್ ಎಂದರೆ ಒಂದು ಬಣ್ಣದ ದ್ರಾವಣ ಎಷ್ಟು ಮಾಸಿತು ಎಂಬುದರಿಂದ ಫ್ಲೋರೈಡ್ ಅಳೆಯುವ ವಿಧಾನ, 570 ಎಂಬುದು ಅಳತೆಗೆ ಬಳಸುವ ಬೆಳಕಿನ ತರಂಗಾಂತರ. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಬಲ್ಲದು, ಹಾಗಾಗಿ ಪ್ಲಾಸ್ಟಿಕ್ ಬಾಟಲಿ. ಮಾದರಿಯನ್ನು 28 ದಿನದವರೆಗೆ ಇಡಬಹುದು ಎನ್ನುತ್ತವೆ ಪ್ರಮಾಣಿತ ವಿಧಾನಗಳು. ಎರಡು ವಾರ ಎಂದರೆ ಕೈಯಲ್ಲಿ ಸ್ವಲ್ಪ ಅವಕಾಶ ಉಳಿಯುತ್ತದೆ. ಎಂಟರಲ್ಲಿ ಆರು ಏಕೆಂದರೆ, ನೀವು ಹೋದ ದಿನ ಒಂದೆರಡು ಘಟಕಕ್ಕೆ ಬೀಗ ಬಿದ್ದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಜಾಣ ಪರೀಕ್ಷಕರು ಹಿಡಿಯುವ ಇನ್ನೊಂದು ಎಳೆ ಇಲ್ಲಿದೆ. ಸ್ಪಾಡ್ನ್ಸ್ ವಿಧಾನ ಲೀಟರಿಗೆ 1.4 ಮಿಲಿಗ್ರಾಂವರೆಗೆ ಮಾತ್ರ ನಂಬಿಕೆಗೆ ಅರ್ಹ. ನಿಮ್ಮ ಲೆಕ್ಕದ ಪ್ರಕಾರವೇ ರಿಜೆಕ್ಟ್ ನೀರಿನಲ್ಲಿ 3.8 ಇರಬಹುದು. ಹಾಗಾದರೆ? ‘ಮಿತಿ ಮೀರುವ ಮಾದರಿಗಳನ್ನು ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕು ಪಟ್ಟು ತೆಳುಗೊಳಿಸಿ ಮತ್ತೆ ಅಳೆಯಲಾಗುವುದು’ ಎಂಬ ಒಂದು ವಾಕ್ಯ ಸೇರಿಸಿ. ಈ ತಂಡ ವಿಧಾನವನ್ನು ಓದಿಕೊಂಡು ಬಂದಿದೆ, ಕಾಪಿ ಹೊಡೆದಿಲ್ಲ ಎಂದು ಆ ಒಂದೇ ವಾಕ್ಯ ಸಾರುತ್ತದೆ. ನಿಮ್ಮ ಕಾಲೇಜಿನಲ್ಲಿ ಫ್ಲೋರೈಡ್ ಅಯಾನ್ ಎಲೆಕ್ಟ್ರೋಡ್ ಇದ್ದರೆ ಈ ತಾಪತ್ರಯವೇ ಇಲ್ಲ, ಅದನ್ನೇ ಬಳಸಿ. ಜೊತೆಗೆ ಐದಾರು ಮಾದರಿಗಳನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿ ತಾಳೆ ನೋಡುತ್ತೇವೆ ಎಂದು ಬರೆದರೆ ಪ್ರಸ್ತಾವನೆಯ ತೂಕವೇ ಬೇರೆ.

ಹಿಂದಿನವರು ಮಾಡಿದ್ದನ್ನು ನೋಡಿ

ಲಿಟರೇಚರ್ ಸರ್ವೇ ಎಂದರೆ ‘ಇಂಥವರು ಇಂಥ ವರ್ಷ ಹೀಗೆಂದರು’ ಎಂಬ ಸಾಲುಗಳ ಸರಪಳಿ ಅಲ್ಲ. ಮೂರು ಮಾತು ಹೇಳಿದರೆ ಸಾಕು: ಇಲ್ಲಿಯವರೆಗೆ ಏನು ಗೊತ್ತಾಗಿದೆ, ಯಾವುದರ ಬಗ್ಗೆ ಭಿನ್ನಾಭಿಪ್ರಾಯವಿದೆ, ಯಾವುದನ್ನು ಯಾರೂ ಮುಟ್ಟಿಲ್ಲ. ನಲವತ್ತು ಲೇಖನಗಳ ಸಾರಾಂಶ ಅಂಟಿಸುವುದಕ್ಕಿಂತ ಹತ್ತನ್ನು ಪೂರ್ತಿ ಓದುವುದು ಲೇಸು.

ಹುಡುಕಲು ಗೂಗಲ್ ಸ್ಕಾಲರ್ ಎಲ್ಲರಿಗೂ ಗೊತ್ತು. ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಜಾಲತಾಣದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಅದರ ಜೊತೆಗಿರುವ ಶೋಧಗಂಗೋತ್ರಿಯ ಕಡೆ ವಿದ್ಯಾರ್ಥಿಗಳು ತಲೆ ಹಾಕುವುದೇ ಕಡಿಮೆ. ಅಲ್ಲಿರುವುದು ಪಿಎಚ್‌ಡಿಗೆ ನೋಂದಾಯಿಸಿದವರ ಸಿನಾಪ್ಸಿಸ್‌ಗಳು, ಅಂದರೆ ನೀವು ಬರೆಯಹೊರಟಿರುವುದರ ಅಣ್ಣಂದಿರು. ನಿಮ್ಮ ವಿಷಯದ ನಾಲ್ಕಾರು ಓದಿದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಾನಾಗಿಯೇ ಕಾಣುತ್ತದೆ. ಓದಿದ್ದನ್ನೆಲ್ಲ ಮೊದಲ ದಿನದಿಂದಲೇ ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊದಂಥ ಪುಕ್ಕಟೆ ತಂತ್ರಾಂಶದಲ್ಲಿ ಹಾಕಿಡಿ.

ಚಾಟ್‌ಜಿಪಿಟಿಯಂಥವನ್ನು ಬಳಸುವವರಿಗೆ ಒಂದು ಎಚ್ಚರಿಕೆ. ಅವು ಇಲ್ಲದ ಲೇಖನಕ್ಕೆ ಇರುವ ಲೇಖಕರ ಹೆಸರು ಅಂಟಿಸಿ ಉಲ್ಲೇಖ ಕೊಡಬಲ್ಲವು. ಪಟ್ಟಿಯ ಪ್ರತಿಯೊಂದನ್ನೂ ನೀವೇ ತೆರೆದು ನೋಡಿರಬೇಕು. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಗಳಿವೆ; ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಅದಕ್ಕೆ ಮೇಲೆ ಹಂತ ಹಂತವಾಗಿ ಬಿಗಿಯಾಗುತ್ತದೆ. ಸೀನಿಯರ್‌ಗಳ ಫೈಲ್ ಎರವಲು ತಂದವರು ಸಿಕ್ಕಿಬೀಳುವುದು ಇಲ್ಲೇ.

ಕ್ಯಾಲೆಂಡರ್ ಮುಂದಿಟ್ಟುಕೊಂಡು ಕಾಲಪಟ್ಟಿ

‘ಮೊದಲ ತಿಂಗಳು: ಸಾಹಿತ್ಯ ಪರಾಮರ್ಶೆ, ಎರಡನೇ ತಿಂಗಳು: ಮಾಹಿತಿ ಸಂಗ್ರಹ’ ಎಂದು ಬರೆಯುವುದು ಸುಲಭ. ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಇಂಟರ್ನಲ್ಸ್, ಹಬ್ಬ, ಕಾಲೇಜ್ ಫೆಸ್ಟ್, ಪ್ಲೇಸ್‌ಮೆಂಟ್ ದಿನಗಳನ್ನು ಹೊಡೆದುಹಾಕಿ ನೋಡಿ, ಉಳಿಯುವುದೆಷ್ಟು ಎಂದು ಗೊತ್ತಾಗುತ್ತದೆ.

ವಿಷಯಕ್ಕೂ ತನ್ನದೇ ಕಾಲ ಇರುತ್ತದೆ. ಅಂತರ್ಜಲದವರು ಮಳೆಗಾಲಕ್ಕೆ ಮುಂಚೆ, ಮಳೆಗಾಲದ ನಂತರ ಎಂದು ಎರಡು ಸಲ ಅಳೆಯುತ್ತಾರೆ. ನಿಮ್ಮ ಸೆಮಿಸ್ಟರ್ ಫೆಬ್ರವರಿಯಿಂದ ಮೇವರೆಗಿದ್ದರೆ ‘ಋತುಮಾನದ ವ್ಯತ್ಯಾಸ’ ಎಂಬ ಪದ ಪ್ರಸ್ತಾವನೆಯಲ್ಲಿ ಬರಲೇಬಾರದು, ಏಕೆಂದರೆ ಮಳೆಗಾಲವೇ ನಿಮ್ಮ ಕೈಗೆ ಸಿಗುವುದಿಲ್ಲ. ಮಾರ್ಚ್ ಮೊದಲ ವಾರ ಒಂದು ಸುತ್ತು, ಏಪ್ರಿಲ್ ಕೊನೆಗೆ ಇನ್ನೊಂದು ಎಂದಿಟ್ಟುಕೊಳ್ಳಿ, ‘ಬೇಸಿಗೆಯ ಆರಂಭ ಮತ್ತು ಉತ್ತುಂಗ’ ಎಂದು ಪ್ರಾಮಾಣಿಕವಾಗಿ ಕರೆಯಿರಿ. ನೀಲಗಾರರ ಬಗ್ಗೆ ಬರೆಯುವವರಿಗೂ ಇದೇ ಇಕ್ಕಟ್ಟು. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಜಾತ್ರೆ ಬನದ ಹುಣ್ಣಿಮೆಗೆ, ಹೆಚ್ಚಾಗಿ ಜನವರಿಯಲ್ಲಿ. ಫೆಬ್ರವರಿಯಲ್ಲಿ ಒಪ್ಪಿಗೆ ಸಿಗುವ ಪ್ರಸ್ತಾವನೆಯಲ್ಲಿ ಜಾತ್ರೆಯ ಕ್ಷೇತ್ರಕಾರ್ಯ ಎಂದು ಬರೆದರೆ ಇನ್ನೊಂದು ಜಾತ್ರೆಗೆ ವರ್ಷ ಕಾಯಬೇಕು.

ದುಡ್ಡಿನ ಲೆಕ್ಕ

‘ರಾಸಾಯನಿಕ 5,000, ಪ್ರಯಾಣ 5,000, ಇತರೆ 5,000’ ಎಂಬ ದುಂಡು ಅಂಕಿಗಳನ್ನು ಕಂಡರೆ ಯಾರಿಗೂ ನಂಬಿಕೆ ಬರುವುದಿಲ್ಲ. ಲೆಕ್ಕ ಬಿಡಿಸಿ ತೋರಿಸಿ. ಪ್ರಯಾಣ: ಎರಡು ಸುತ್ತು, ಸುತ್ತಿಗೆ ಎರಡು ದಿನ, ದಿನಕ್ಕೆ ಇಬ್ಬರು, ತುಮಕೂರಿನಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಬಸ್ ದರ, ಅಲ್ಲಿಂದ ಹಳ್ಳಿಗಳಿಗೆ ಬಾಡಿಗೆ ಆಟೋ. ಬಾಟಲಿ: 42ರ ಜೊತೆಗೆ ಒಡೆದು, ಕಳೆದುಹೋಗುವುದಕ್ಕೆಂದು ಒಂದಿಷ್ಟು. ಹೊರಗಿನ ಪ್ರಯೋಗಾಲಯದ ದರಕ್ಕೆ ಜಿಎಸ್‌ಟಿ ಸೇರಿಸಿದ ಕೊಟೇಶನ್ ಬರೆಸಿಕೊಂಡು ಪ್ರತಿ ಲಗತ್ತಿಸಿ.

ಲ್ಯಾಪ್‌ಟಾಪ್, ಮೊಬೈಲ್, ಪೆನ್‌ಡ್ರೈವ್ ಕೇಳಬೇಡಿ. ಕಾಲೇಜಿನಲ್ಲಿ ಈಗಾಗಲೇ ಇರುವ ಉಪಕರಣಗಳನ್ನು ‘ಲಭ್ಯವಿರುವ ಸೌಲಭ್ಯ’ ಎಂದು ಬೇರೆ ಪಟ್ಟಿ ಮಾಡಿ. ಸ್ಪೆಕ್ಟ್ರೋಫೋಟೋಮೀಟರ್ ಕೆಲಸ ಮಾಡುತ್ತಿದೆಯೇ ಎಂದು ಬರೆಯುವ ಮೊದಲು ಲ್ಯಾಬ್ ಅಟೆಂಡರ್ ಹತ್ತಿರ ಕೇಳಿಕೊಳ್ಳಿ. ಸ್ಟಾಕ್ ರಿಜಿಸ್ಟರಿನಲ್ಲಿ ಇರುವುದೆಲ್ಲ ಓಡುವುದಿಲ್ಲ ಎಂದು ಅವರಷ್ಟು ಬಲ್ಲವರು ಯಾರೂ ಇಲ್ಲ.

ಅನುಮತಿ

ಘಟಕ ಗ್ರಾಮ ಪಂಚಾಯಿತಿಗೆ ಸೇರಿದ್ದರೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪಿಡಿಒ ಅವರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ; ಖಾಸಗಿಯವರು ನಡೆಸುತ್ತಿದ್ದರೆ ಅವರಿಂದಲೂ. ಫಲಿತಾಂಶವನ್ನು ಊರಿಗೆ ಮೊದಲು ತಿಳಿಸುತ್ತೇವೆ ಎಂದು ಪತ್ರದಲ್ಲೇ ಬರೆದರೆ ಬಾಗಿಲು ಬೇಗ ತೆರೆಯುತ್ತದೆ.

ಜನರನ್ನು ಪ್ರಶ್ನಿಸುವ, ಧ್ವನಿಮುದ್ರಿಸುವ, ಫೋಟೋ ತೆಗೆಯುವ ಕೆಲಸವಿದ್ದರೆ ಒಪ್ಪಿಗೆ ಪತ್ರದ ಕನ್ನಡ ನಮೂನೆಯನ್ನು ಅನುಬಂಧದಲ್ಲಿ ಇಡಿ, ಓದಿ ಹೇಳಿದರೆ ಅಜ್ಜಿಗೂ ಅರ್ಥವಾಗುವ ಭಾಷೆಯಲ್ಲಿ. ಕಂದು ಕಲೆ ಬಿದ್ದ ಹಲ್ಲು ತೋರಿಸಿ ನಗುವ ಮಗುವಿನ ಫೋಟೋ ವರದಿಯ ಮುಖಪುಟಕ್ಕೆ ಚೆನ್ನ ಎಂದು ಯಾರಿಗಾದರೂ ಹೊಳೆದೀತು. ಪೋಷಕರ ಒಪ್ಪಿಗೆಯಿಲ್ಲದೆ ಅದನ್ನು ತೆಗೆಯುವಂತಿಲ್ಲ. ಆರೋಗ್ಯಕ್ಕೆ ಸಂಬಂಧಿಸಿದ ಸಂಶೋಧನೆಯಾದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಕೆಲಸ ಶುರುವಾಗುವ ಮೊದಲೇ ನೈತಿಕ ಸಮಿತಿಯ ಒಪ್ಪಿಗೆ ಬೇಕು.

ಈಗ ಪೀಠಿಕೆ, ಶೀರ್ಷಿಕೆ

ಇಷ್ಟೆಲ್ಲ ಕೈಯಲ್ಲಿದ್ದಾಗ ಪೀಠಿಕೆ ಅರ್ಧ ಗಂಟೆಯ ಕೆಲಸ. ಮೊದಲ ವಾಕ್ಯದಲ್ಲೇ ಪಾವಗಡ ಬರಲಿ, ಮೊದಲ ಪ್ಯಾರಾ ಮುಗಿಯುವುದರೊಳಗೆ ರಿಜೆಕ್ಟ್ ನೀರು ಬರಲಿ. ಭೂಮಿಯ ಮುಕ್ಕಾಲು ಪಾಲು ನೀರು ಎಂಬ ಸಂಗತಿ ಓದುವವರಿಗೆ ಪ್ರೈಮರಿ ಶಾಲೆಯಿಂದಲೂ ಗೊತ್ತು. ಶೀರ್ಷಿಕೆಯಲ್ಲಿ ಏನು, ಎಲ್ಲಿ, ಯಾವುದರದ್ದು ಎಂಬ ಮೂರೂ ಇರಲಿ: ‘ಪಾವಗಡ ತಾಲ್ಲೂಕಿನ ಶುದ್ಧ ಕುಡಿಯುವ ನೀರಿನ ಘಟಕಗಳ ರಿಜೆಕ್ಟ್ ನೀರಿನಲ್ಲಿ ಫ್ಲೋರೈಡ್: ಪ್ರಮಾಣ ಮತ್ತು ವಿಲೇವಾರಿ’. ‘ಒಂದು ವಿಶ್ಲೇಷಣಾತ್ಮಕ ಅಧ್ಯಯನ’ ಎಂಬ ಬಾಲ ಬೇಡ.

ಕೊಡುವ ಮುಂಚೆ, ಕೊಟ್ಟ ಮೇಲೆ

ಪುಟಮಿತಿ, ಅಕ್ಷರಗಾತ್ರ, ಸಹಿಗಳ ಪಟ್ಟಿಯನ್ನು ಪ್ರಕಟಣೆಯ ಪ್ರಕಾರ ಒಂದೊಂದಾಗಿ ಟಿಕ್ ಮಾಡಿ. ಸಹಿಗಳಿಗೇ ಒಂದು ವಾರ ಇಟ್ಟುಕೊಳ್ಳಿ, ಪ್ರಿನ್ಸಿಪಾಲರು ಮೀಟಿಂಗಿಗೆ ಹೋದರೆ ನಿಮ್ಮ ಕೊನೇ ದಿನಾಂಕ ಕಾಯುವುದಿಲ್ಲ. ಬೇರೆ ವಿಭಾಗದ ಗೆಳೆಯರೊಬ್ಬರಿಗೆ ಓದಲು ಕೊಟ್ಟು, ‘ನಾವೇನು ಮಾಡ್ತೀವಿ ಹೇಳು’ ಅಂತ ಕೇಳಿ. ಅವರು ತಡವರಿಸಿದ ಜಾಗವನ್ನು ತಿದ್ದಿ.

ರಿವ್ಯೂ ದಿನ ಸ್ಲೈಡ್‌ಗಳ ಬದಲು ಆ ಖಾಲಿ ಕೋಷ್ಟಕವನ್ನೇ ಪರದೆಯ ಮೇಲೆ ಹಾಕಿ ಮಾತಾಡಬಹುದು. ‘ಆರೇ ಘಟಕ ಯಾಕೆ?’ ಎಂದು ಕೇಳುತ್ತಾರೆ. ತಾಲ್ಲೂಕಿಗೆಲ್ಲ ಅನ್ವಯಿಸುವ ಮಾತು ಹೇಳುವುದಿಲ್ಲ, ಈ ಆರರ ಬಗ್ಗೆ ಮಾತ್ರ ಹೇಳುತ್ತೇವೆ ಎಂದುಬಿಡಿ, ಸಮರ್ಥನೆಗೆ ಇಳಿಯಬೇಡಿ. ಅವರು ಸೂಚಿಸಿದ ತಿದ್ದುಪಡಿಗಳನ್ನು ಅಲ್ಲೇ ಬರೆದುಕೊಂಡು, ತಿದ್ದಿದ ಪ್ರತಿಗೆ ತಾರೀಖು ಹಾಕಿ ಗೈಡ್ ಸಹಿ ಮಾಡಿಸಿಕೊಳ್ಳಿ. ಬಾಟಲಿಗೆ ಆರ್ಡರ್ ಕೊಡುವುದು ಮಂಜೂರಾತಿ ಪತ್ರ ಕೈಗೆ ಬಂದ ಮೇಲೆಯೇ. ಪತ್ರಕ್ಕಿಂತ ಹಿಂದಿನ ತಾರೀಖಿನ ಬಿಲ್ಲನ್ನು ಅನೇಕ ಕಡೆ ಒಪ್ಪುವುದಿಲ್ಲ, ಆ ದುಡ್ಡು ನಿಮ್ಮ ಜೇಬಿನಿಂದಲೇ ಹೋಗುತ್ತದೆ.